ನೋವು ಬಂತಾ, ಹನುಮಕ್ಕ?

ಗರ್ಭಕೋಶ ತೆಗೆದು ಹನುಮಕ್ಕನನ್ನು ವಾರ್ಡಿಗೆ ತಂದಾಗ ಅವಳಿಗಾಗಿ ಕಾಯುತ್ತಿದ್ದುದು ಒಂದು ನೀರಿನ ಬಾಟ್ಲಿ ಮಾತ್ರ. ಗುಬ್ಬಿಯ ಶಾಲೆಯಲ್ಲಿ ಮಕ್ಕಳಿಗೆಲ್ಲ ಬಿಸಿಯೂಟ ಬಡಿಸುವ ಕೈ ಅವಳದು. ಆದರೆ ತುಮಕೂರಿನ ಆಸ್ಪತ್ರೆಗೆ ಒಂದು ಲೋಟ ಗಂಜಿ ತರುವವರು ಅವಳಿಗೆ ಯಾರೂ ಇರಲಿಲ್ಲ. ನೆಂಟರಿದ್ದರು, ಇಲ್ಲವೆಂದರೆ ನಾಲಿಗೆ ಬಿದ್ದೀತು. ಉಂಡು ಕೈ ತೊಳೆಯುವ ನೆಂಟರು! ಪಕ್ಕದ ಮಂಚದ ಕದರಮ್ಮನ ಸುತ್ತ ಮಾತ್ರ ಅರ್ಧ ಕುಣಿಗಲ್ಲೇ ನೆರೆದಿತ್ತು.

ಅರಿವಳಿಕೆ ಶಾಸ್ತ್ರ ಓದುತ್ತಿದ್ದ ಡಾಕ್ಟರ್ ಕೃತಿಕಾ ಬಂದಳು.

“ನಿನ್ನೆ ನನ್ ಅಧ್ಯಯನಕ್ಕೆ ಒಪ್ಕೊಂಡ್ರಲ್ಲ, ಹೊಟ್ಟೆ ನರ ಮರಗಟ್ಸೋ ಇಂಜೆಕ್ಷನ್ ಜೊತೆ ಸ್ಟೀರಾಯ್ಡ್ ಸೇರ್ಸಿದೀವಿ. ಎಷ್ಟೊತ್ತು ನೋವು ತಡೆಯುತ್ತೆ ನೋಡ್ಬೇಕು. ನೋವು ಬಂದ ತಕ್ಷಣ ಹೇಳಿ, ಬೇರೆ ಔಷಧಿ ಕೊಡ್ತೀನಿ. ಅಲ್ಲೀವರ್ಗೂ ಬಂದು ಕೇಳ್ತಿರ್ತೀನಿ.”

“ಆಮ್ಯಾಕೆ?”

“ಆಮೇಲೆ ನನ್ ಕೆಲಸ ಮುಗೀತು.”

ಹುಡುಗಿ ಹೇಳಿದಂತೆಯೇ ಬಂದಳು. ಬಂದಾಗಲೆಲ್ಲ ಹಣೆ ಮುಟ್ಟಿ, “ನೋವು ಬಂತಾ ಹನುಮಕ್ಕ?” ಎನ್ನುವಳು. ಯಾರಾದರೂ ಹೀಗೆ ಹೆಸರು ಹಿಡಿದು ವಿಚಾರಿಸಿ ಎಷ್ಟು ಕಾಲವಾಗಿತ್ತೋ! ಹನುಮಕ್ಕ ಬಾಗಿಲನ್ನೇ ನೋಡುತ್ತ ಮಲಗತೊಡಗಿದಳು.

ಮರುದಿನ ಬೆಳಗ್ಗೆ ಹೊಲಿಗೆ ಚುಳ್ಳೆಂದಿತು. ಆಮೇಲೆ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು. ಕೃತಿಕಾ ಬಂದು ಕೇಳಿದಾಗ ಹನುಮಕ್ಕ ಹಲ್ಲು ಕಚ್ಚಿ ನಕ್ಕಳು.

“ಇಲ್ಲ ಕಣವ್ವ, ಏನೂ ಇಲ್ಲ.”

ಹುಡುಗಿ ಖುಷಿಯಿಂದ ಬರೆದುಕೊಂಡು ಹೋದಳು. ಮಧ್ಯಾಹ್ನವೂ ಅದೇ ಮಾತು. ಆಗ ಕದರಮ್ಮನಿಗೆ ತಡೆಯಲಾಗಲಿಲ್ಲ.

“ಸುಳ್ಳು ಕಣ್ ಡಾಕ್ಟ್ರಮ್ಮ! ಬೆಳಗ್ಗಿಂದ ಸೆರಗು ಕಚ್ಕಂಡು ಒದ್ದಾಡ್ತಾವ್ಳೆ.”

ಕೃತಿಕಾ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟಳು. ಹನುಮಕ್ಕ “ಅಯ್ಯಪ್ಪಾ!” ಎಂದು ಚೀರಿದಳು.

“ಯಾಕೆ ಹೇಳ್ಲಿಲ್ಲ? ಇನ್ನೂ ಕೆಲಸ ಮಾಡ್ತಿದೆ ಅಂತ ನಾನು ಬರ್ಕೊಂಡ್ರೆ, ನಾಳೆ ಬೇರೆಯವ್ರು ನರಳ್ತಾರೆ!”

“ಹೇಳಿದ್ರೆ ನೀನು ಬರಾಕಿಲ್ಲ ಅಂದ್ಯಲ್ಲವ್ವ.”

ಕೃತಿಕಾಳ ಸಿಟ್ಟು ಇಳಿದುಹೋಯಿತು. ಬರೆದದ್ದನ್ನು ಹೊಡೆದುಹಾಕಿ, ಇಂಜೆಕ್ಷನ್ ಕೊಟ್ಟು, ಹೊದಿಕೆ ಸರಿಮಾಡಿದಳು. “ಬರ್ತೀನಿ, ಬುಡಿ” ಎಂದು ಹನುಮಕ್ಕನ ಮಾತಿನ ಧಾಟಿಯಲ್ಲೇ ಹೇಳಿ ಹೋದಳು.

ಸಂಜೆ ಬಂದಳು, ನಿಜ. ಹನುಮಕ್ಕ ಕೂದಲು ಸವರಿಕೊಂಡು, ದಿಂಬಿಗೊರಗಿ ಕೂತಳು. ಹುಡುಗಿ ಎದುರು ಸಾಲಿಗೆ ನಡೆದು, ಅಂದು ಆಪರೇಷನ್ ಆದವಳ ಹಣೆ ಮುಟ್ಟಿ, “ನೋವು ಬಂತಾ?” ಎಂದಳು. ಹೋಗುವಾಗ ಅಲ್ಲಿಂದಲೇ ಹನುಮಕ್ಕನತ್ತ ಕೈ ಬೀಸಿ ನಕ್ಕಳು.

ಹನುಮಕ್ಕನೂ ಕೈ ಎತ್ತಿದಳು. ಈಗ ಹೊಟ್ಟೆಯಲ್ಲಿ ಒಂದಿಷ್ಟೂ ನೋವಿರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ, ಕದರಮ್ಮನಿಗೆ ಕೇಳದಂತೆ ಅತ್ತಳು.