ಮೊದಲ ಸಾಲಿನ ಡಾಲರ್

ಭಾನುವಾರ ಮಾಗಡಿ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬರುವುದಿತ್ತು. ಚಾಕಿ ಕೇಂದ್ರದ ಕೆಂಪರಾಜು ಬಾಯಿ ಬಿಡುವುದಿದ್ದರೆ ಅದಕ್ಕೆ ಮೊದಲೇ ಬಿಡಬೇಕಿತ್ತು. ಮೂರು ಬೆಳೆಯಿಂದ ಕಾಯುತ್ತಿದ್ದೇನೆ. ಹುಳದ ತಟ್ಟೆ ಕೊಡುವಾಗ ಕಿವಿ ಕೆಂಪಗೆ ಮಾಡಿಕೊಂಡು "ಎಳೇ ಸೊಪ್ಪು ಹಾಕಿ" ಅನ್ನುತ್ತಾನೆ, ಅಷ್ಟೇ. ಇಪ್ಪತ್ತೊಂಬತ್ತು ವರ್ಷದ ಹೆಣ್ಣಿಗೆ ಹೇಳುವ ಮಾತಾ ಅದು? ಸುತ್ತಮುತ್ತಲ ಚಿಕ್ಕವರೆಲ್ಲ ಅವನನ್ನು ಕೆಂಪರಾಜಣ್ಣ ಅನ್ನುತ್ತಾರೆ. ನಾನು ಒಂದು ದಿನವೂ ಅಣ್ಣ ಸೇರಿಸಿದವಳಲ್ಲ. ಅದನ್ನಾದರೂ ಗಮನಿಸಬೇಕಲ್ಲ, ಮನುಷ್ಯ.

ಚಾಕಿ ಕೇಂದ್ರ ಅಂದರೆ ರೇಷ್ಮೆ ಹುಳದ ಅಂಗನವಾಡಿ ಇದ್ದ ಹಾಗೆ. ಮೊಟ್ಟೆಯಿಂದ ಹೊರಬಂದ ಹುಳವನ್ನು ಎರಡನೇ ಜ್ವರದವರೆಗೆ ಅಲ್ಲೇ ಸಾಕುತ್ತಾರೆ. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುವುದು. ಜ್ವರದಿಂದ ಎದ್ದ ಮೇಲೆ ರೈತರು ಬಂದು ಮನೆಗೆ ಒಯ್ಯಬೇಕು. ಒಬ್ಬೊಬ್ಬರ ಹುಳ ಒಂದೊಂದು ದಿನ ಏಳುತ್ತದೆ, ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ದಿನ. ನನಗೆ ಬಂದ ಮೆಸೇಜಿನಲ್ಲಿ "ಗುರುವಾರ ಬೆಳಿಗ್ಗೆ ಆರು, ಕೇಂದ್ರಕ್ಕೆ ಬನ್ನಿ" ಅಂತಿತ್ತು.

ಕೈಲಾಂಚದಿಂದ ಸ್ಕೂಟರ್ ಹತ್ತಿ ಹೋದರೆ ಕೇಂದ್ರದ ಮುಂದೆ ಕಾಲಿಡಲು ಜಾಗವಿಲ್ಲ. ಮೂವತ್ತು ಬೈಕು, ಮೂವತ್ತು ಜನ, ಮೂವತ್ತು ಮೊಬೈಲಿನಲ್ಲೂ ಅದೇ ಗುರುವಾರ, ಅದೇ ಆರು ಗಂಟೆ. ಕನಕಪುರ ಕಡೆಯ ಹಿರಿಯ ರೈತ ಸಿದ್ದಗಂಗಯ್ಯ ನನ್ನನ್ನು ಕಂಡು ಗೊಣಗಿದರು.

"ಇವತ್ತು ಎದ್ದಿರೋದು ನಿನ್ ಹುಳ ಒಂದೇ ಅಂತೆ ಕಣವ್ವ. ನಾವೆಲ್ಲ ಮೂವತ್ತು ಮೈಲಿ ಗಾಡಿ ಹೊಡ್ಕೊಂಡು ಬಂದು ಇವನ ಮಕ ನೋಡ್ಕೊಂಡು ನಿಂತಿದೀವಿ."

ಒಳಗೆ ಕೆಂಪರಾಜು ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಈ ಸಲ ನೋಟ್‌ಬುಕ್ ಬಿಟ್ಟು ಎಕ್ಸೆಲ್ ಹಿಡಿದಿದ್ದಾನೆ. ನಾನು ಬಿಡದಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂರು ವರ್ಷ ಅದನ್ನೇ ಉತ್ತು ಬಂದವಳು. "ಏಳಿ ಮೇಲೆ," ಅಂದೆ. ಎದ್ದ.

ಅವನ ಹತ್ತಿರ ಎರಡು ಫೈಲ್ ಇದ್ದವು. ಒಂದರಲ್ಲಿ ಯಾರಿಗೆ ಯಾವ ದಿನ ಅನ್ನುವ ಪಟ್ಟಿ, ಇನ್ನೊಂದರಲ್ಲಿ ಅವರಿಗೆ ಹೋಗುವ ಮೆಸೇಜು. ಮೆಸೇಜಿನ ಮೊದಲ ಸೆಲ್ಲಿನಲ್ಲಿ ಸಮ ಚಿಹ್ನೆ ಒತ್ತಿ, ಪಟ್ಟಿಯ ಮೊದಲ ದಿನಾಂಕದ ಮೇಲೆ ಕ್ಲಿಕ್ ಮಾಡಿ, ಅದನ್ನೇ ಕೆಳಗಿನವರೆಗೆ ಎಳೆದುಬಿಟ್ಟಿದ್ದ. ಬೇರೆ ಫೈಲಿಗೆ ಹೋಗಿ ಕ್ಲಿಕ್ ಮಾಡಿದರೆ ಎಕ್ಸೆಲ್ ಕೇಳದೆಯೇ ಎರಡು ಡಾಲರ್ ಗುರುತು ಹಾಕುತ್ತದೆ. ಅದು ಇವನಿಗೆ ಗೊತ್ತಿಲ್ಲ.

"ಡಾಲರ್ ಅಂದ್ರೆ ಗೂಟ ಕಣ್ರೀ," ಅಂದೆ. "ಗೂಟಕ್ಕೆ ಕಟ್ಟಿದ್ ಹಸ ನೀವೆಲ್ಲಿಗ್ ಎಳೆದ್ರೂ ಅಲ್ಲೇ ಇರ್ತದೆ. ಅದ್ಕೇ ಮೂವತ್ತೊಂದ್ ಜನಕ್ಕೂ ಮೊದಲ್ನೇ ಸಾಲಿನ ದಿನವೇ ಹೋಗೈತೆ. ಗೂಟ ಕಿತ್ತು ಎಳೀರಿ, ಸಾಲ್ ಸಾಲಾಗಿ ಕೆಳಗಿಳೀತದೆ."

ಹೇಳುತ್ತಲೇ ಪಟ್ಟಿ ನೋಡಿದೆ. ಚನ್ನಪಟ್ಟಣದವರು, ಆಮೇಲೆ ಕನಕಪುರ, ಮಾಗಡಿ, ಕೊನೆಗೆ ರಾಮನಗರದವರು. ರಾಮನಗರಕ್ಕೆ ಸೇರಿದ ಕೈಲಾಂಚದ ನಾನು ತೀರಾ ಕೆಳಗಿರಬೇಕಿತ್ತು. ಆದರೆ ಎಲ್ಲರ ತಲೆಯ ಮೇಲೆ, ಮೊದಲ ಸಾಲಿನಲ್ಲಿ, ನಯನಾ ಅಂತಿತ್ತು.

"ಇದ್ಯಾಕ್ರೀ ಇಲ್ಲೈತೆ ನನ್ ಹೆಸರು?"

ಕೆಂಪರಾಜು ಹುಳದ ತಟ್ಟೆಗಳನ್ನು ನೋಡಿದ, ಛಾವಣಿ ನೋಡಿದ. "ಟೈಪ್ ಮಾಡಕ್ ಕೂತಾಗ ಮೊದ್ಲು ಅದೇ ಬಂತು," ಅಂದ.

ಬಾಗಿಲಲ್ಲಿ ಇಣುಕುತ್ತಿದ್ದ ಸಿದ್ದಗಂಗಯ್ಯ ಹಿಂದಿನವರಿಗೆ ಅದನ್ನು ದಾಟಿಸಿದರು. ಹೊರಗೆ ನಗು ಎದ್ದಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಕೀಬೋರ್ಡಿನ ಅಕ್ಷರವೇ ಕಾಣದಾಯಿತು. ಹಾಗೂ ಹೀಗೂ ಡಾಲರ್ ತೆಗೆದು ಎಳೆದೆ. ಒಬ್ಬೊಬ್ಬರಿಗೆ ಅವರವರ ದಿನ ಬಂತು. ಎಲ್ಲರೂ ಹೊಸ ಮೆಸೇಜು ನೋಡಿಕೊಂಡು, ನನ್ನನ್ನೂ ಒಮ್ಮೆ ನೋಡಿಕೊಂಡು ಹೊರಟರು.

ಅವರು ಹೋದ ಮೇಲೆ ನನ್ನ ಸಾಲಿಗೆ ಮಾತ್ರ ಮತ್ತೆ ಡಾಲರ್ ಹಾಕಿದೆ.

"ನಿಮ್ದೊಂದಕ್ಕೆ ಯಾಕೆ?" ಅಂದ.

"ಇದು ಎಲ್ಗೂ ಹೋಗೋದು ಬ್ಯಾಡ. ಇಲ್ಲೇ ಇರ್ಲಿ. ತಿಳೀತಾ?"

ತಿಳಿಯಿತು. ಕಿವಿ ಹಿಪ್ಪುನೇರಳೆ ಹಣ್ಣಿನ ಬಣ್ಣಕ್ಕೆ ಬಂತು. "ಹಂಗಾರೆ... ಭಾನುವಾರ ಅವ್ವನ್ನ ಕರ್ಕೊಂಡು ಮನೆಗ್ ಬರ್ಲಾ?"

"ಭಾನುವಾರ ಮಾಗಡಿಯೋರು ಬತ್ತಾವ್ರೆ. ಶನಿವಾರ ಬನ್ನಿ. ಅಪ್ಪನ ಮುಂದೆ ನೀವೇ ಬಾಯ್ಬಿಟ್ಟು ಕೇಳ್ಬೇಕು, ನಾನ್ ಹೇಳಕ್ಕಿಲ್ಲ."

ಸುಮ್ಮನೆ ಬರಬಾರದಿತ್ತೇ? ಅದನ್ನೂ ಬರೆದು ಖಾತ್ರಿ ಮಾಡುವ ಮನುಷ್ಯ. ಶುಕ್ರವಾರ ಸಂಜೆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ "ಶನಿವಾರ ಹತ್ತು ಗಂಟೆ, ಕೈಲಾಂಚ, ನಯನಾ ಮನೆ" ಅಂತ ತುಂಬಿ, ಹೊಸದಾಗಿ ಕಲಿತ ಹುರುಪಿನಲ್ಲಿ ಮೆಸೇಜನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಮತ್ತೆ ಎಳೆದು ಎಲ್ಲರಿಗೂ ಕಳಿಸಿದ್ದಾನೆ. ಮೊದಲ ಸಾಲಿಗೆ ಗೂಟ ಹೊಡೆದವಳು ನಾನೇ ತಾನೆ.

ಶನಿವಾರ ಅವನ ಅವ್ವ ಆಟೋ ಇಳಿಯುವ ಮೊದಲೇ ನಮ್ಮ ಅಂಗಳದಲ್ಲಿ ಮೂವತ್ತು ಬೈಕು ನಿಂತಿದ್ದವು. ನಮ್ಮಪ್ಪ ಮುನಿಯಪ್ಪ ಹೆಗಲ ಟವಲ್ ಸರಿ ಮಾಡಿಕೊಳ್ಳುತ್ತ ಹೊರಗೆ ಬಂದರು. ಸಿದ್ದಗಂಗಯ್ಯ ಖಾಲಿ ತಟ್ಟೆ ಮುಂದೆ ಹಿಡಿದು, "ಹುಳ ಎಲ್ಲಪ್ಪ?" ಅಂದರು.

ಒಬ್ಬಳ ಮುಂದೆಯೇ ಬಾಯಿ ಬಿಡದವನು ಇಷ್ಟು ಜನರ ಮುಂದೆ ಬಿಟ್ಟಾನೆಯೇ? ಭಾನುವಾರ ಮಾಗಡಿಯವರೇ ಗತಿ ಅಂದುಕೊಂಡೆ. ಕೆಂಪರಾಜು ಹಣ್ಣಿನ ಚೀಲ ಹಿಡಿದು ಬೈಕುಗಳ ಸಂದಿಯಲ್ಲಿ ನುಸುಳಿ ಬಂದು ಅಪ್ಪನ ಎದುರು ನಿಂತ.

"ಹುಳ ಇಲ್ಲ," ಅಂದ, ಎಲ್ಲರಿಗೂ ಕೇಳುವ ಹಾಗೆ. "ಮೆಸೇಜು ತಪ್ಪಾಗಿ ಹೋಗೈತೆ. ನಾನ್ ಬಂದಿರೋದು ನಯನನ್ನ ಕೇಳಕ್ಕೆ."

ಅಪ್ಪ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ, ಬೇಕಾದ್ದಕ್ಕಿಂತ ಒಂದೆರಡು ಸಲ ಹೆಚ್ಚೇ.

"ಅದನ್ನೇ ಮೆಸೇಜಲ್ಲಿ ಹಾಕಿದ್ರೆ ಒಸಿ ಬೇಗ ಬತ್ತಿದ್ವಲ್ಲ," ಅಂದರು ಸಿದ್ದಗಂಗಯ್ಯ, ತಟ್ಟೆ ಕೆಳಗಿಟ್ಟು ಜಗಲಿ ಮೇಲೆ ಕೂರುತ್ತ. ಅಮ್ಮ ಕಾಫಿಗೆ ದೊಡ್ಡ ಪಾತ್ರೆ ಹುಡುಕಲು ಒಳಗೆ ಓಡಿದಳು.

ಅಪ್ಪ ಗಡ್ಡ ಕೆರೆದುಕೊಂಡರು. "ಆಯ್ತು ಬುಡು. ಆದ್ರೆ ನಾಳೆ ಬರಬ್ಯಾಡಿ ಅಂತ ಮಾಗಡಿಯೋರಿಗೆ ಹೇಳೋರ್ ಯಾರು?"

ಗುಂಪಿನಲ್ಲಿದ್ದ ಮಾಗಡಿಯ ನಾಲ್ಕು ಜನ ರೈತರು ಒಟ್ಟಿಗೆ ಕೈ ಎತ್ತಿದರು.