ಮೊದಲು ಹೇಳಿದ ಬೆಲೆ

ದನದ ಸಂತೆಯಲ್ಲಿ ಅವನಿಗೆ ಚೌಕಾಸಿ ಎಂದೇ ಹೆಸರು. ಮೊದಲು ಹೇಳಿದ ಬೆಲೆಗೆ ವ್ಯಾಪಾರ ಮುಗಿಸುವವನು ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದ. ಕೆರೆಯಂಚಿನ ತಗ್ಗಿನಲ್ಲಿ ಅವನ ಎರಡೆಕರೆ ಗದ್ದೆ, ಅದರ ಕೆಳಗೆ ತಮ್ಮನದು. ಎರಡರ ನೀರೂ ತಮ್ಮನ ಬದುವಿನ ಪಕ್ಕದ ಬಸಿಗಾಲುವೆಯಲ್ಲಿ ಹೊರಗೆ ಹೋಗುತ್ತಿತ್ತು.

ಕೊಯ್ಲು ಮುಗಿದ ಮೇಲೆ ಜೌಗು ಉಳಿಸುವ ಇಲಾಖೆಯಿಂದ ಒಬ್ಬ ಹೆಣ್ಣುಮಗಳು ಬಂದು, ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಕಾಗದ ಹರಡಿಕೊಂಡಳು.

“ಬೇಸಾಯ ಬಿಟ್ಟು ಗದ್ದೇಲಿ ನೀರು ನಿಲ್ಲೋಕೆ ಬಿಟ್ಟರೆ ವರ್ಷಾವರ್ಷ ಪರಿಹಾರ ಕೊಡ್ತೀವಿ. ಎಕರೆಗೆ ಎಷ್ಟಾದರೆ ಒಪ್ತೀರಿ?”

ಹದಿನೈದು ಸಾವಿರ ಬಂದರೆ ಬಿಟ್ಟುಬಿಡೋಣ, ಮಂಡಿಯೂ ಸವೆದಿದೆ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

“ಅರವತ್ತು ಸಾವಿರ,” ಎಂದ.

ಅವಳು ನಗಬೇಕಿತ್ತು. ‘ಗದ್ದೇಲಿ ಚಿನ್ನ ಬೆಳೀತೀರಾ?’ ಎಂದು ಎದ್ದು ನಿಲ್ಲಬೇಕಿತ್ತು. ಅವಳು ಬರೆದುಕೊಂಡಳು.

“ಇಲ್ಲೊಂದು ಸಹಿ ಹಾಕಿ.”

ಹಾಕಿದ. ಅವಳು ಚಪ್ಪಲಿ ಮೆಟ್ಟಿ ಹೊರಟಳು.

“ಕೂಗಿ ಹೇಳಿ, ಹದಿನೈದಾದರೂ ಸರಿ ಅಂತ,” ಹೆಂಡತಿ ಪಿಸುಗುಟ್ಟಿದಳು.

“ಸುಮ್ಮನಿರೇ. ಗಿರಾಕಿ ಹೋದ ಹಾಗೆ ಮಾಡ್ತಾನೆ, ನಾಲ್ಕು ಹೆಜ್ಜೆ ಇಟ್ಟು ವಾಪಸ್ ಬರ್ತಾನೆ.”

“ಅವಳ ಸ್ಕೂಟರು ಆಗಲೇ ತಿರುವು ದಾಟ್ತು.”

ತಮ್ಮ ಹದಿನಾಲ್ಕು ಎಂದಿದ್ದನಂತೆ. “ಬೆಲೆ ಹೇಳೋಕೂ ಬರಲ್ವಲ್ಲೋ ನಿನಗೆ!” ಎಂದು ಇವನು ನಕ್ಕ.

ಪರಿಹಾರದ ಪಟ್ಟಿ ಬಂದಾಗ ಅದರಲ್ಲಿ ತಮ್ಮನ ಹೆಸರಿತ್ತು, ಇವನದಿರಲಿಲ್ಲ. ಹೋಗಲಿ, ಗದ್ದೆ ಇದೆಯಲ್ಲ ಎಂದು ನಾಟಿ ಮಾಡಿದ. ಭತ್ತ ಹೊಡೆ ತುಂಬಿ ಇನ್ನೇನು ತೆನೆ ಹೊರಡಬೇಕು ಎನ್ನುವಾಗ ಇಲಾಖೆಯವರು ಬಂದು ಬಸಿಗಾಲುವೆಯ ಬಾಯಿಗೆ ಸಿಮೆಂಟು ಕಟ್ಟಿದರು. ತಮ್ಮನ ಗದ್ದೆ ತುಂಬಿದ ನೀರು ಹಿಂದಕ್ಕೆ ಸರಿದು ಇವನ ಪೈರಿನ ಕುತ್ತಿಗೆಗೆ ಬಂತು.

ಕಚೇರಿಗೆ ಓಡಿದ. ಅಧಿಕಾರಿ ಕಾಗದ ತೆಗೆದು ತೋರಿಸಿದ. “ಅರವತ್ತು ಕೇಳಿದ್ದಕ್ಕೆ ನೀವು ಇಷ್ಟವಿಲ್ಲದವರ ಸಾಲಿನಲ್ಲಿದ್ದೀರಿ. ನಿಮ್ಮ ಗದ್ದೆ ನಾವು ಮುಟ್ಟಿಲ್ಲ.”

“ನೀರು ಮುಟ್ಟಿದೆಯಲ್ಲ ಸ್ವಾಮಿ! ಆಯ್ತು, ಹದಿನೈದಕ್ಕೆ ಬರ್ಕೊಳ್ಳಿ.”

“ಅವಧಿ ಮುಗೀತು.”

“ಹತ್ತು. ಬೇಡ, ಎಂಟು ಮಾಡಿ.” ಅಧಿಕಾರಿ ಮುಂದಿನ ಕಡತ ಬಿಚ್ಚಿದ. “ಐದು ಸಾವಿರ, ಸ್ವಾಮಿ. ಐದಕ್ಕೆ ಯಾರು ಕೊಡ್ತಾರೆ ಹೇಳಿ?”

ಎದುರಿನವನು ಒಂದು ಬೆಲೆಯನ್ನೂ ಹೇಳದಿರುವಾಗ ತಾನೇ ಇಷ್ಟು ಕೆಳಗಿಳಿದದ್ದು ಅವನ ಆಯುಷ್ಯದಲ್ಲಿ ಇದೇ ಮೊದಲು.

ಅಲ್ಲಿಂದ ನೇರ ತಮ್ಮನ ಮನೆಗೆ ಹೋದ. “ಕೊಯ್ಲಾಗೋ ತನಕ ಆ ಸಿಮೆಂಟು ಒಂದು ಗೇಣು ಒಡೆದುಬಿಡೋ.”

ತಮ್ಮನ ಹೆಂಡತಿ ಬಾಗಿಲಿಂದಲೇ ಹೇಳಿದಳು: “ಒಡೆದರೆ ನಮ್ಮ ಪರಿಹಾರ ನಿಲ್ಲುತ್ತೆ ಭಾವ. ಐದು ವರ್ಷಕ್ಕೆ ಸಹಿ ಹಾಕಿದ್ದೀವಿ. ಕಾಫಿ ಕುಡೀತೀರಾ?”

ಅವನು ಕುಡಿಯಲಿಲ್ಲ. ಮನೆಗೆ ಬಂದು ಎರಡು ಕುಡುಗೋಲು ತೆಗೆದ. ಗಂಡ ಹೆಂಡತಿ ತೊಡೆಮಟ್ಟದ ನೀರಿನಲ್ಲಿ ನಿಂತು, ಕಾಳು ಕಟ್ಟದ ಹಸಿರು ಪೈರನ್ನು ದನಕ್ಕಾದರೂ ಆಗಲೆಂದು ಕೊಯ್ದರು. ಅವಳು ಒಂದು ಮಾತೂ ಎತ್ತಿ ಆಡಲಿಲ್ಲ. ಆಡಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.