ಮೋಡದ ಕರುವಿನ ಕಾರ್ಡ್

ನಾನು ಒಂದು ಅಂಚೆ ಕಾರ್ಡ್, ಆದರೆ ಅಂಚೆಯ ಮುಖ ಕಂಡವನಲ್ಲ. ನನ್ನ ಬೆನ್ನ ಮೇಲೆ ವಿಳಾಸಕ್ಕೆಂದು ಗೆರೆಗಳಿವೆ, ಸ್ಟಾಂಪಿಗೆಂದು ಒಂದು ಚೌಕವಿದೆ. ಎಲ್ಲವೂ ಇಂದಿಗೂ ಖಾಲಿ. ಹುಬ್ಬಳ್ಳಿಯ ಒಂದು ಅನಿಮೇಷನ್ ಸ್ಟುಡಿಯೋ ತನ್ನ ‘ಮೋಡದ ಕರು’ ಸಿನಿಮಾದ ಪ್ರಚಾರಕ್ಕೆಂದು ನನ್ನನ್ನು ಅಚ್ಚು ಹಾಕಿಸಿತು. ಪ್ರೆಸ್ಸಿನ ಕತ್ತರಿ ಯಂತ್ರ ಒಂದೇ ಏಟಿಗೆ ನನ್ನನ್ನು ಅಣ್ಣತಮ್ಮಂದಿರಿಂದ ಬೇರೆ ಮಾಡಿತು. ಹುಟ್ಟಿದ್ದು ಹಾಗೆ.

ನನ್ನ ಮುಖದ ತುಂಬ ಒಂದು ಎಮ್ಮೆಗರು. ಅರ್ಧ ಕರು, ಅರ್ಧ ಮೋಡ. ಆಕಾಶದಿಂದ ಇಳಿದು ಎರೆಹೊಲದ ಮೇಲೆ ಮುಂಗಾಲು ಊರಲು ಹೆದರಿ ನಿಂತಿದೆ. ಆ ಹೆದರಿಕೆಯನ್ನು ಬರೆದವಳು ಇಂದುಮತಿ ಚಿತ್ರಗಾರ. ಸ್ಟುಡಿಯೋದಲ್ಲಿ ಪಾತ್ರಗಳನ್ನು ಮೊದಲು ರೂಪಿಸುವ ಕೆಲಸ ಅವಳದು. ಅವಳು ಕರು ಮುಂದಿನಿಂದ, ಹಿಂದಿನಿಂದ, ಓಡುವಾಗ, ಅಳುವಾಗ ಹೇಗಿರುತ್ತದೆಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟ ಮೇಲೆ, ಅದನ್ನು ನೋಡಿಕೊಂಡು ಉಳಿದವರು ಸಿನಿಮಾದ ಉದ್ದಕ್ಕೂ ಬರೆದರು. ಕಾರ್ಡಿನ ಮೇಲಿನ ಚಿತ್ರ ಮಾತ್ರ ಪೂರಾ ಅವಳ ಕೈಯದು.

“ನಿನ್ನ ಹೆಸರು ಕಾರ್ಡಿನ ಹಿಂದ ಬರತೈತಿ, ಕಾಳಜಿ ಮಾಡಬ್ಯಾಡ,” ಎಂದಿದ್ದರು ಯಜಮಾನರಾದ ಸುಶಾಂತ ಹಂಜಿ.

ಪ್ರೆಸ್ಸಿನಿಂದ ಬಂದ ಕಟ್ಟು ಬಿಚ್ಚಿದಾಗ ಎಲ್ಲರೂ ನನ್ನ ಮುಖ ನೋಡಿದರು. ಇಂದುಮತಿ ಒಬ್ಬಳೇ ತಿರುವಿ ನನ್ನ ಬೆನ್ನು ನೋಡಿದಳು. ಅಲ್ಲಿ ‘ಚಿತ್ರ: ಸುಶಾಂತ ಹಂಜಿ’ ಎಂದಿತ್ತು. ಅವಳು ಇನ್ನೊಂದು ಕಾರ್ಡ್ ತಿರುವಿದಳು, ಮತ್ತೊಂದನ್ನು ತಿರುವಿದಳು, ಯಾವುದಾದರೊಂದು ಕಾರ್ಡ್ ನಿಜ ಹೇಳೀತು ಎಂಬಂತೆ. ನಾವೆಲ್ಲ ಒಂದೇ ಸುಳ್ಳು ಹೊತ್ತು ಹುಟ್ಟಿದ್ದೆವು.

“ಸರ್, ಇದು ತಪ್ಪಾಗೇತಿ.”

“ಏನ್ ತಪ್ಪು? ಬಣ್ಣ ಚಲೋ ಬಂದಾವಲ್ಲ!”

“ಹೆಸರು, ಸರ್.”

“ಏ ಇಂದೂ, ಸ್ಟುಡಿಯೋ ಅಂದ್ರ ನಾನ ಅಲ್ಲೇನವಾ? ಮಂದಿ ಮುಂದ ಕುಂತು ಸಹಿ ಹಾಕಾಂವ ನಾನು. ಎರಡೆರಡು ಹೆಸರು ನೋಡಿದ್ರ ಅವರಿಗೂ ಗೊಂದಲ.”

ನನ್ನನ್ನು ಹಿಡಿದ ಅವಳ ಬೆರಳುಗಳು ಬಿಸಿಯಾದವು. ನನಗೆ ಬಾಯಿದ್ದಿದ್ದರೆ ಅಲ್ಲೇ ಕೂಗುತ್ತಿದ್ದೆ.

ಸಿನಿಮಾ ಬಿಡುಗಡೆಯಾದ ದಿನ ಟಾಕೀಸಿನ ಬಾಗಿಲಲ್ಲಿ ಮೇಜು ಹಾಕಿ ಹಂಜಿ ಬಂಗಾರದ ಬಣ್ಣದ ಪೆನ್ನು ಹಿಡಿದು ಕೂತರು. ಕಾರ್ಡ್ ಕೊಟ್ಟವರ ಹೆಸರು ಕೇಳಿ, ಅದನ್ನು ಬರೆದು, ಕೆಳಗೆ ಸಹಿ ಹಾಕಿ ಕೊಡುವುದು ಅಲ್ಲಿನ ಪದ್ಧತಿ. ಇಂದುಮತಿ ನನ್ನನ್ನು ಹಿಡಿದು ಜನರ ಸಾಲಿನಲ್ಲಿ ನಿಂತಳು. ತನ್ನ ಸರದಿ ಬಂದಾಗ ನನ್ನನ್ನು ಮೇಜಿನ ಮೇಲಿಟ್ಟಳು.

“ಯಾರ ಹೆಸರಿಗೆ ಬರೀಲಿ?” ಹಂಜಿ ತಲೆ ಎತ್ತಲಿಲ್ಲ.

“ಇಂದುಮತಿ ಚಿತ್ರಗಾರ. ಈ ಚಿತ್ರ ಬರದಾಕಿ.”

ಆಗ ತಲೆ ಎತ್ತಿದರು. ಹಿಂದೆ ಜನ ಕಾಯುತ್ತಿದ್ದರು. ಬರೆದವಳು ಇವಳೇ ಎಂದು ಈಗಲಾದರೂ ಅವರು ಒಂದು ಮಾತು ಹೇಳಬಹುದಿತ್ತು. ಅವರು ನಕ್ಕು, ನನ್ನ ನೀಲಿ ಆಕಾಶದ ಮೇಲೆ ಬರೆದರು: ‘ಇಂದುಮತಿಗೆ, ಪ್ರೀತಿಯಿಂದ. ಹಂಜಿ.’

ಅವಳ ಹೆಸರು ಕೊನೆಗೂ ನನ್ನ ಮೇಲೆ ಬಂತು, ಸಾಲಿನಲ್ಲಿ ನಿಂತು ಸಹಿ ಬೇಡಿದ ಅಭಿಮಾನಿಯ ಹೆಸರಾಗಿ. ಆ ಶಾಯಿ ನನ್ನ ಮೈಯನ್ನು ಸುಟ್ಟಿತು.

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಹಂಜಿಯವರ ಮೇಜಿನ ಮೇಲೆ ಎಸೆದಳು. “ನಿಮ್ಮ ಪ್ರೀತಿ ನೀವ ಇಟ್ಕೋರಿ, ಸರ್. ನಾ ಹೊಂಟೆ.” ಹೋದವಳು ತಿರುಗಿ ಬರಲಿಲ್ಲ. ನಾನು ಒಂದು ಪೆಟ್ಟಿಗೆಯ ತಳ ಸೇರಿದೆ.

ಕಾಲ ಸರಿಯಿತು. ಸ್ಟುಡಿಯೋ ಮುಚ್ಚಿತು. ವಿಚಿತ್ರವೆಂದರೆ ಆಮೇಲೆಯೇ ಕರು ಮನೆಮನೆಯ ಕರುವಾಯಿತು. ಅದನ್ನು ನೋಡಿ ಬೆಳೆದ ಮಕ್ಕಳು ದೊಡ್ಡವರಾಗಿ ಹಳೆಯ ಕಾರ್ಡುಗಳನ್ನು ಹುಡುಕತೊಡಗಿದರು. ನಮ್ಮ ಪೆಟ್ಟಿಗೆ ಶ್ರೀಪಾದ ಗುಡಿ ಎಂಬ ವ್ಯಾಪಾರಿಯ ಪಾಲಾಯಿತು. ಅವನು ನನ್ನನ್ನು ಬೆಳಕಿಗೆ ಹಿಡಿದು ಹೆಂಡತಿಗೆ ತೋರಿಸಿದ.

“ಹಂಜಿ ಸಹಿ ಐತಿ ನೋಡ. ಆದ್ರ ಯಾರೋ ಇಂದುಮತಿ ಅನ್ನಾಕಿಗೆ ಬರದಾನ. ಬ್ಯಾರೆಯವರ ಹೆಸರಿದ್ದದ್ದು ಯಾರು ತಗೋತಾರ?”

“ಕೆರದು ತಗದ್ರ ಬೆಳ್ಳಗಾಗೂದಿಲ್ಲೇನು?”

“ಆಗ್ಲಿ ಬಿಡ. ಮೋಡ ಅನ್ಕೋತಾರ!”

ಇಬ್ಬರೂ ನಕ್ಕರು. ಬ್ಲೇಡು ಬಂತು. ಅವಳ ಹೆಸರು ಒಂದೊಂದೇ ಅಕ್ಷರವಾಗಿ ಪುಡಿಯಾಗಿ ಉದುರಿತು. ಅದರ ಜೊತೆ ನನ್ನ ಚರ್ಮವೂ ಹೋಯಿತು. ಅವನು ಆ ಪುಡಿಯನ್ನು ಉಫ್ ಎಂದು ಊದಿದ. ಬರೆದವಳನ್ನು ಅಳಿಸಿ, ಬರೆಯದವನನ್ನು ಉಳಿಸಿ, ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಅಪರೂಪ’ ಎಂದು ಚೀಟಿ ಹಚ್ಚಿದ.

ಗುಡಿ ಅಂಗಡಿ ಹಾಕಿದ್ದ ಹಳೆಯ ವಸ್ತುಗಳ ಪ್ರದರ್ಶನಕ್ಕೆ ಒಂದು ದಿನ ಇಂದುಮತಿ ಬಂದಳು, ನನ್ನನ್ನು ಗಾಜಿನ ಪೆಟ್ಟಿಗೆಯಿಂದ ತೆಗೆಸಿದಳು. ಕೂದಲು ನರೆತಿತ್ತು. ಆದರೆ ಕಾರ್ಡನ್ನು ಕೈಗೆ ತೆಗೆದುಕೊಂಡೊಡನೆ ಬೆನ್ನು ತಿರುವಿ ನೋಡುವ ಆ ಬೆರಳುಗಳನ್ನು ನಾನು ಮರೆಯುವುದುಂಟೆ?

“ಇಲ್ಲೆ ಏನಿತ್ರಿ?” ಬಿಳಿ ಗಾಯದ ಮೇಲೆ ಬೆರಳಿಟ್ಟು ಕೇಳಿದಳು.

“ಅದು ಮೋಡರೀ ಮೇಡಂ.”

“ಈ ಆಕಾಶದಾಗ ನಾ ಅಲ್ಲೆ ಮೋಡ ಹಾಕಿಲ್ಲ.”

ಗುಡಿಗೆ ಅರ್ಥವಾಗುವ ಮೊದಲೇ ಅವಳು ಚೀಲದಿಂದ ಪೆನ್ನು ತೆಗೆದಳು. ಮೇಜಿಗೆ ಬಾಗಿ, ಕರುವಿನ ಕಾಲ ಕೆಳಗೆ, ಎರೆಮಣ್ಣಿನ ಮೇಲೆ, ಬಿಳಿ ಶಾಯಿಯಲ್ಲಿ, ಅವಸರವಿಲ್ಲದೆ ಬರೆದಳು: ‘ಬರೆದವಳು ಇಂದುಮತಿ ಚಿತ್ರಗಾರ.’

“ಏಯ್! ಹುಚ್ಚು ಹಿಡದೈತೇನ್ರಿ ನಿಮಗ? ಮಾಲು ಕೆಡಿಸಿದ್ರಲ್ಲ! ಇನ್ನ ಇದನ್ನ ಯಾರು ಮುಟ್ತಾರ?”

“ಯಾರೂ ಮುಟ್ಟೂದು ಬ್ಯಾಡ. ಓದ್ಲಿ.”

ಅವಳು ಹೊರಟುಹೋದಳು. ಗುಡಿ ಬ್ಲೇಡು ತಂದ. ಆದರೆ ಅಲ್ಲಿ ಕೆರೆದರೆ ಕರುವಿನ ಕಾಲೇ ಹೋಗುತ್ತದೆ. ಬೈದುಕೊಳ್ಳುತ್ತ ನನ್ನನ್ನು ಕೆಟ್ಟ ಮಾಲಿನ ಡ್ರಾಯರಿಗೆ ಹಾಕಿ ನೂಕಿದ.

ಅಂದಿನಿಂದ ಇಲ್ಲೇ ಇದ್ದೇನೆ. ಮುದಿಯಾಗಿದ್ದೇನೆ, ಅಂಚುಗಳು ಹಳದಿಯಾಗಿವೆ, ಸಿಟ್ಟು ಮಾತ್ರ ಮಾಸಿಲ್ಲ. ಅವಳ ಹೆಸರು ಕೆರೆದು ತೆಗೆದಾಗ ನಾನು ಅಪರೂಪದ ವಸ್ತುವಾಗಿದ್ದೆ. ಅವಳೇ ತನ್ನ ಹೆಸರು ಬರೆದಾಗ ಕೆಟ್ಟೆನಂತೆ. ಹಾಗಾದರೆ ಕೆಟ್ಟವನಾಗಿಯೇ ಇರುತ್ತೇನೆ. ಗುಡಿ ಏನನ್ನಾದರೂ ಹುಡುಕಲು ಡ್ರಾಯರು ಎಳೆದಾಗಲೆಲ್ಲ ಮೊದಲು ಅವನ ಕಣ್ಣಿಗೆ ಬೀಳುವುದು ಆ ಬಿಳಿ ಸಾಲು. ಅವನು ಓದುತ್ತಾನೆ, ಬೇಕೋ ಬೇಡವೋ, ಪ್ರತಿ ಸಲ ಓದುತ್ತಾನೆ.